ಶಂಕ್ರೆಪ್ಪನವರು ಹಾಕಿದ ಸಹಿ

ಶಂಕ್ರೆಪ್ಪನವರ ಉಗುರು ನೋಡಿದರೆ ಸಾಕು, ಆ ದಿನ ರಬಕವಿಯ ಮಗ್ಗಗಳಿಗೆ ಯಾವ ಬಣ್ಣದ ನೂಲು ಹೋಗಿದೆ ಎಂದು ಹೇಳಬಹುದಿತ್ತು. ಒಂದು ದಿನ ಅರಿಶಿನ, ಇನ್ನೊಂದು ದಿನ ದಾಳಿಂಬೆ ಕೆಂಪು. ಮದುವೆಯ ಊಟಕ್ಕೆ ಕೂತರೂ ಬೆರಳು ಹಾಗೆಯೇ. ಪಕ್ಕದವರು ಮುಖ ಸಿಂಡರಿಸಿದರೆ, "ತೊಳದ ಕೈನ ಐತ್ರಿ, ನೀವು ಆರಾಮ ಉಣ್ರಿ" ಎಂದು ಹೋಳಿಗೆಗೆ ಕೈ ಹಾಕುತ್ತಿದ್ದರು.

ಜಮಖಂಡಿಯಲ್ಲಿ ರಸಾಯನಶಾಸ್ತ್ರದ ಬಿ.ಎಸ್ಸಿ. ಮುಗಿಸಿ ನಾನು ನೂಲು ಅದ್ದುವ ಅವರ ಬಣ್ಣದ ಮನೆ ಸೇರಿದ್ದು ಬೇರೆ ಕೆಲಸ ಸಿಗಲಿಲ್ಲವೆಂದು. ಪುಡಿ ತೂಗುವುದು, ಪುಸ್ತಕದಲ್ಲಿ ಬರೆಯುವುದು, ಇಷ್ಟೇ ನನ್ನ ಕೆಲಸ. ಒಂದೊಂದು ಸಲ ನೂಲು ಅದ್ದಿದಾಗಲೂ ಒಂದು ಪುಟ. ಪುಟದ ಅಂಚಿಗೆ ತೂತು ಮಾಡಿ ಆ ನೂಲಿನದೊಂದು ಎಳೆ ಕಟ್ಟಬೇಕು. ಏಳನೆಯ ತರಗತಿಗೇ ಶಾಲೆ ಬಿಟ್ಟಿದ್ದ ಶಂಕ್ರೆಪ್ಪನವರಿಗೆ ಆ ಪುಸ್ತಕದ ವಿಷಯದಲ್ಲಿ ಭಾರಿ ಹಟ. ರಬ್ಬರು ಹೊಸ್ತಿಲು ದಾಟುವಂತಿಲ್ಲ, ಅಂಕಿಯ ಮೇಲೆ ಅಂಕಿ ತಿದ್ದುವಂತಿಲ್ಲ. ತಪ್ಪಾದರೆ ಅದು ಓದಲು ಬರುವಂತೆ ಒಂದೇ ಗೆರೆ ಹೊಡೆದು, ಪಕ್ಕದಲ್ಲಿ ಸರಿಯಾದದ್ದು ಬರೆದು, ತಾರೀಖು ಹಾಕಿ ಸಹಿ ಮಾಡಬೇಕು. "ಅಳಿಸಿದ್ರ ಮುಂದಿನ ಸಲ ಏನ ನೋಡಿ ಕಲೀಬೇಕ ನಾವು?" ಎನ್ನುತ್ತಿದ್ದರು. ದೊಡ್ಡ ದೊಡ್ಡ ಔಷಧ ಕಂಪನಿಗಳು ಇದೇ ನಿಯಮಕ್ಕೆ ಜೀವ ಬಿಡುತ್ತವೆಂದು ನನಗಾಗ ಗೊತ್ತಿರಲಿಲ್ಲ.

ಒಮ್ಮೆ ಎಂಟುನೂರು ಗ್ರಾಂ ಕೆಂಪು ಪುಡಿ ಬೇಕಾದಲ್ಲಿ ಮುನ್ನೂರು ತೂಗಿದೆ. ಬನಹಟ್ಟಿಯ ನೇಕಾರರೊಬ್ಬರು ನೇಯಬೇಕಿದ್ದ ಮದುವೆ ಸೀರೆಗಳ ನೂಲು ಪೇಲವ ಗುಲಾಬಿಯಾಗಿ ಹೊರಬಂತು. ಹೆದರಿ, ಪುಸ್ತಕದಲ್ಲಿದ್ದ ಮೂರನ್ನು ಎಂಟು ಮಾಡಿಬಿಟ್ಟೆ. ಶಂಕ್ರೆಪ್ಪನವರು ಪುಟವನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿದರು. ಬೈಯಲಿಲ್ಲ. ನನ್ನ ಎಂಟಕ್ಕೆ ಗೆರೆ ಹೊಡೆದು, ಪಕ್ಕದಲ್ಲಿ 'ಮುನ್ನೂರು ಬಿದ್ದದ್ದು' ಎಂದು ಬರೆದು, ಸಹಿ ಹಾಕಲು ಪೆನ್ನು ನನ್ನತ್ತ ಚಾಚಿದರು. ನಾನು ಅಳುತ್ತ ನಿಂತೆ. ಸ್ವಲ್ಪ ಹೊತ್ತು ಕಾದು, ತಾವೇ ಸಹಿ ಹಾಕಿದರು.

"ತೂಕ ನೋಡೂದು ನನ್ನ ಕೆಲಸ ಇತ್ತ ತಂಗಿ. ನಾ ನೋಡಲಿಲ್ಲ."

ನೂಲನ್ನು ಮತ್ತೆ ಅದ್ದಿ, ಒಣಗಿಸಿ, ಸೈಕಲ್ ಮೇಲೆ ತಾವೇ ಬನಹಟ್ಟಿಗೆ ಒಯ್ದರು. ತಡವಾದದ್ದಕ್ಕೆ ನೇಕಾರರಿಂದ ಬೈಸಿಕೊಂಡು ಬಂದರು. ನನ್ನ ಹೆಸರು ಎತ್ತಲಿಲ್ಲ.

ಮುಂದೆ ಸಣ್ಣಪುಟ್ಟ ಔಷಧ ಕಾರ್ಖಾನೆಗಳಲ್ಲಿ ವರ್ಷಗಟ್ಟಲೆ ದುಡಿದ ಮೇಲೆ, ದೊಡ್ಡ ಕಂಪನಿಯೊಂದರ ಗುಣಮಟ್ಟ ವಿಭಾಗದಲ್ಲಿ ಹಿರಿಯ ತಜ್ಞೆಯ ಹುದ್ದೆಗೆ ಸಂದರ್ಶನದ ಕರೆ ಬಂತು. ಜಮಖಂಡಿಯ ಅಣ್ಣನ ಮನೆಯಲ್ಲಿ ಬಾಗಿಲು ಹಾಕಿಕೊಂಡು ಲ್ಯಾಪ್‌ಟಾಪ್ ಮುಂದೆ ಕೂತೆ. ಪರದೆಯ ಮೇಲೆ ಮೂವರು. ಕೇಳಿದ್ದಕ್ಕೆಲ್ಲ ಉತ್ತರಿಸುತ್ತಿದ್ದೆ, ಆದರೆ ಅವರ ಮುಖದಲ್ಲಿ ಉತ್ಸಾಹವೇ ಇರಲಿಲ್ಲ. ಕಡೆಗೆ ಅವರಲ್ಲೊಬ್ಬಾಕೆ, ದಾಖಲೆಯಲ್ಲಿ ಪ್ರಾಮಾಣಿಕತೆ ಎಷ್ಟು ಮುಖ್ಯವೆಂದು ನಿಮಗೆ ಮನದಟ್ಟಾದ ಒಂದು ಘಟನೆ ಹೇಳಿ ಎಂದರು. ಬಣ್ಣದ ಮನೆಯ ಕಥೆ ಶುರು ಮಾಡಿದೆ. ಮೂವರೂ ಮುಂದಕ್ಕೆ ಬಾಗಿ ಕೇಳತೊಡಗಿದರು. ಅವರು ಹಾಗೆ ಬಾಗಿದ್ದೇ ತಡ, ನನ್ನ ನಾಲಿಗೆ ಹೊರಳಿತು. ಅಂಕಿ ತಿದ್ದಿದ್ದು ಹೆಚ್ಚು ಓದಿರದ ಮೇಸ್ತ್ರಿ ಎಂದೆ. ಹಾಗೆ ಮಾಡಬಾರದೆಂದು ಹೇಳಿ, ಗೆರೆ ಹೊಡೆಸಿ ಸಹಿ ಹಾಕಿಸಿದವಳು ನಾನು ಎಂದೆ. ಆಕೆ ಮೆಚ್ಚಿ ತಲೆದೂಗಿದರು. ಕೆಲಸ ಸಿಕ್ಕಿತು. ಅದನ್ನು ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಪೇಡೆ ತೆಗೆದುಕೊಂಡು ರಬಕವಿಗೆ ಹೋದೆ. ಬಣ್ಣದ ಮನೆ ಮುಚ್ಚಿತ್ತು. ಶಂಕ್ರೆಪ್ಪನವರ ಕಣ್ಣು ಮಂಜಾಗಿ, ಉಗುರು ಎಲ್ಲರ ಉಗುರಿನಂತೆ ಬೆಳ್ಳಗಾಗಿದ್ದವು. ಸಂದರ್ಶನದಲ್ಲಿ ಏನು ಕೇಳಿದರೆಂದು ವಿಚಾರಿಸಿದರು.

"ನಿಮ್ಮ ವಿಷಯಾನ ಹೇಳಿದ್ನಿರಿ" ಎಂದೆ. ಆ ಮಾತೇನೂ ಸುಳ್ಳಲ್ಲ.

ಅವರು ಪೇಡೆ ಹಿಡಿದುಕೊಂಡೇ ಹೆಂಡತಿಯನ್ನು ಕೂಗಿ ಕರೆದರು. ದೊಡ್ಡ ಮಂದಿಯ ಮುಂದೆ ಇವಳು ನನ್ನ ವಿಷಯ ತೆಗೆದಿದ್ದಾಳೆ ಎಂದು ಎರಡೆರಡು ಸಲ ಹೇಳಿದರು. ಆಮೇಲೆ ಟ್ರಂಕಿನಿಂದ ಆ ಹಳೆಯ ಪುಸ್ತಕ ತೆಗೆಸಿ ನನ್ನ ಕೈಗಿಟ್ಟರು.

"ಇದನ್ನ ಒಯ್ದು ಅವರಿಗೆ ತೋರಸು. ಬರೇ ಬಾಯಿಮಾತು ಅಂದಾರು."

ಹೇಳಿಬಿಡಬೇಕೆಂದು ಬಾಯಿ ತೆರೆದೆ. ಇನ್ನೊಂದು ಪೇಡೆ ತಗೊಳ್ರಿ ಎಂದೆ. ಮುಂದಿನ ರಜೆಗೆ ಊರಿಗೆ ಬರುವಷ್ಟರಲ್ಲಿ ಅವರು ತೀರಿಕೊಂಡಿದ್ದರು.

ಪುಸ್ತಕ ಈಗ ಆಫೀಸಿನ ನನ್ನ ಮೇಜಿನ ಖಾನೆಯಲ್ಲಿದೆ. ಆ ಪುಟದ ಗುಲಾಬಿ ಎಳೆ ಇನ್ನೂ ಬಿಚ್ಚಿಲ್ಲ. ಯಾರೇ ನೋಡಲಿ, ಅಂಕಿ ತಿದ್ದಿದವರು ಶಂಕ್ರೆಪ್ಪನವರೇ ಎನ್ನುತ್ತಾರೆ. ಗೆರೆಯ ಪಕ್ಕದಲ್ಲಿರುವುದು ಅವರದೊಂದೇ ಸಹಿ. ನನ್ನ ಸುಳ್ಳಿಗೆ ಅವರೇ ಸಾಕ್ಷಿ ಬರೆದುಕೊಟ್ಟ ಹಾಗಾಗಿದೆ. ಅದರ ಕೆಳಗೆ ನನ್ನ ಸಹಿಗೆ ಬೇಕಾದಷ್ಟು ಜಾಗವಿದೆ. ಪೆನ್ನು ಹಿಡಿದು ಎಷ್ಟೋ ಸಲ ಕೂತಿದ್ದೇನೆ. ಆದರೆ ಕಳೆದುಹೋದ ದಿನದ ಪುಟಕ್ಕೆ ಆಮೇಲೆ ಬಂದು ಸಹಿ ಹಾಕುವಂತಿಲ್ಲ. ಹೊಸದಾಗಿ ಸೇರಿದವರಿಗೆ ಮೊದಲ ದಿನ ನಾನು ಕಲಿಸುವುದು ಅದನ್ನೇ.