ಖಾರಕ್ಕೆ ಲಿಟ್ಮಸ್

...ಅಥವಾ ಅವಳು ಸರಿಯಾಗಿಯೇ ‘ಕ್ಷಾರ’ ಎಂದಿದ್ದಳೋ ಏನೋ, ನಮ್ಮ ಕಿವಿಗೇ ‘ಖಾರ’ ಎಂದು ಕೇಳಿಸಿರಬಹುದು. ಸ್ಟಾಫ್ ರೂಮಿನಲ್ಲಿ ಇದನ್ನು ಎಷ್ಟೋ ಸಲ ಹೇಳಿದ್ದೇನೆ. ಹೇಳಿದಷ್ಟೂ ಮಾತುಗಳು ಚೊಕ್ಕಟವಾಗುತ್ತ ಹೋಗಿವೆ. ಅದಕ್ಕೇ ಅವುಗಳ ಮೇಲೆ ನನಗೆ ನಂಬಿಕೆ ಕಡಿಮೆ. ಇಷ್ಟು ಮಾತ್ರ ಖಚಿತ: ಕೆಲವು ವರ್ಷಗಳ ಹಿಂದೆ ನಾನು ರಾಣೆಬೆನ್ನೂರಿನ ಪದವಿ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದೆ, ಅಂದು ಬಿ.ಎಸ್ಸಿ. ಮೊದಲ ವರ್ಷದ ಪ್ರಾಯೋಗಿಕ ಪರೀಕ್ಷೆ ಇತ್ತು.

ಮುಬೀನಾ ಬ್ಯಾಡಗಿಯಿಂದ ಬಸ್ಸಿನಲ್ಲಿ ಬರುತ್ತಿದ್ದಳು. ರಜೆಯಲ್ಲಿ ತಾಯಿಯ ಜೊತೆ ಮೆಣಸಿನಕಾಯಿ ತೊಟ್ಟು ಬಿಡಿಸಲು ಹೋಗುವವಳು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ್ದರಿಂದ ‘ಬೇಸ್’ ಎಂದರೆ ಅದನ್ನು ಮನಸ್ಸಿನಲ್ಲೇ ‘ಕ್ಷಾರ’ ಎಂದು ಕನ್ನಡಕ್ಕೆ ತಿರುಗಿಸಿಕೊಂಡು ಮಾತಾಡುತ್ತಿದ್ದಳು. ಹಿಂದಿನ ಸಲ ಇದೇ ಪರೀಕ್ಷೆಯಲ್ಲಿ ಫೇಲಾಗಿದ್ದಳು. ಮತ್ತೆ ಫೇಲಾದರೆ ವಿಜ್ಞಾನ ಬಿಡಿಸಿ ಬಿ.ಎ.ಗೆ ಹಾಕುವುದೆಂದು ಮನೆಯಲ್ಲಿ ತೀರ್ಮಾನವಾಗಿತ್ತು. ಅಂದು ಟೈಟ್ರೇಷನ್‌ನಲ್ಲಿ, ಅಂದರೆ ಆಮ್ಲಕ್ಕೆ ಕ್ಷಾರವನ್ನು ಹನಿಹನಿಯಾಗಿ ಬಿಟ್ಟು ಅಳೆಯುವ ಪ್ರಯೋಗದಲ್ಲಿ, ತಿಳಿ ಗುಲಾಬಿ ಬಣ್ಣ ಬಂದಾಗ ನಿಲ್ಲಿಸದೆ ಅಂಕ ಕಳೆದುಕೊಂಡಿದ್ದಳು. ಪಾಸಾಗಲು ಉಳಿದದ್ದು ಮೌಖಿಕ ಪರೀಕ್ಷೆ ಒಂದೇ.

ಹಾವೇರಿಯಿಂದ ಬಂದಿದ್ದ ಪರೀಕ್ಷಕರು ಮೂಲತಃ ಮೈಸೂರು ಕಡೆಯವರು. ಅವಳ ಊರು ವಿಚಾರಿಸಿ, ಆಮ್ಲದ ಜೊತೆ ಏನು ಸೇರಿದರೆ ಲವಣ ಆಗುತ್ತದೆ ಎಂದು ಕೇಳಿದರು.

“ಖಾರ ರೀ ಸರ್.”

“ಯಾವ ಖಾರಮ್ಮ? ನಿಮ್ಮೂರಿಂದಾ?”

ಅವರು ಕೇಳಿದ್ದು ತಮಾಷೆಗೆ. ಅವಳು ನಗಲಿಲ್ಲ. “ಹೌದ್ರಿ. ಸಾರು ಖಾರ ಆದ್ರ ನಮ್ಮಮ್ಮಿ ಹುಣಸಿಹುಳಿ ಹಿಂಡತಾಳ. ಖಾರ ಸಾಯತೈತಿ. ಹುಳಿ ಅಂದ್ರ ಆಮ್ಲ ಅಲ್ರಿ?”

ಪರೀಕ್ಷಕರು ನನ್ನತ್ತ ತಿರುಗಿದರು. “ಸೊನ್ನೆ ಹಾಕ್ಲಾ ಸಾರ್?”

“ತಡೀರಿ, ಮಾಡಿ ನೋಡಲಿ,” ಎಂದು ಕ್ಯಾಂಟೀನಿನಿಂದ ಖಾರದ ಪುಡಿ ತರಿಸಿದೆ. ಕೆಂಪು ಲಿಟ್ಮಸ್ ಕಾಗದ ಕ್ಷಾರದಲ್ಲಿ ನೀಲಿಯಾಗುತ್ತದೆ. ಮುಬೀನಾ ಪುಡಿ ಕಲಸಿದ ನೀರಿನಲ್ಲಿ ಅದನ್ನು ಅದ್ದಿದಳು. ಕೆಂಪಾಗಿಯೇ ಉಳಿಯಿತು.

“ಆಯ್ತಲ್ಲ,” ಎಂದರು ಪರೀಕ್ಷಕರು, ಘಾಟಿಗೆ ಸೀನುತ್ತ.

“ಇಲ್ರಿ. ಇದು ಬ್ಯಾಡಗಿ ಕಾಯಿ ಬಣ್ಣ. ಓಢಣಿಗೆ ಹತ್ತಿದ್ರ ತೊಳದ್ರೂ ಹೋಗಂಗಿಲ್ಲ. ಒಳಗ ಕಾಗದ ನೀಲಿ ಆಗಿದ್ರೂ ನಮಗ ಕಾಣಂಗಿಲ್ಲ.”

“ಪರೀಕ್ಷೇಲೂ ನಿಮ್ಮೂರಿನ ಜಾಹೀರಾತಾ?”

ಆ ನೀರನ್ನು ಅವಳು ಶೋಧಕ ಕಾಗದದಲ್ಲಿ ಸೋಸಿದಳು. ಬಣ್ಣ ಬಹುತೇಕ ಹೋಯಿತು. ಹೊಸ ಲಿಟ್ಮಸ್ ಅದ್ದಿದಾಗಲೂ ನೀಲಿಯಾಗಲಿಲ್ಲ. ಅದೇ ತುಂಡನ್ನು ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣಕ್ಕೆ ಮುಟ್ಟಿಸಿದಳು. ತಕ್ಷಣ ನೀಲಿಯಾಯಿತು. ಕಾಗದ ಕೆಟ್ಟಿರಲಿಲ್ಲ ಎಂದಾಯಿತು. ಹಾಗೆ ಖಾತ್ರಿ ಮಾಡಿಕೊಳ್ಳಲು ನಾನೇ ಸೂಚಿಸಿದ್ದೆನೇ? ಕೆಲವು ಸಲ ಹೇಳುವಾಗ ಸೂಚಿಸಿರುತ್ತೇನೆ, ಕೆಲವು ಸಲ ಇಲ್ಲ.

“ಖಾರ ಬ್ಯಾರೆ, ಕ್ಷಾರ ಬ್ಯಾರೆ,” ಎಂದಳು, ಎರಡನೆಯ ಪದವನ್ನು ಒತ್ತಿ.

“ಉತ್ತರ ತಪ್ಪು, ಆ ತಪ್ಪನ್ನ ಹಿಡಿದಿದ್ದು ಸರಿ. ಯಾವುದಕ್ಕೆ ಅಂಕ ಕೊಡೋಣ ಸಾರ್?”

“ಹಿಡಿದಿದ್ದಕ್ಕ ಕೊಡ್ರಿ,” ಎಂದೆ.

ಕೊಟ್ಟರು. ಅವಳು ಪಾಸಾದಳು, ಬಿ.ಎಸ್ಸಿ.ಯಲ್ಲೇ ಉಳಿದಳು.

ಅಂದಿನಿಂದ ಕ್ಷಾರದ ಪಾಠವನ್ನು ನಾನು ವ್ಯಾಖ್ಯೆಯಿಂದ ಶುರುಮಾಡಿಲ್ಲ. ಮೊದಲು ಸಾಬೂನಿನ ನೀರು, ಸುಣ್ಣದ ತಿಳಿ, ಲಿಟ್ಮಸ್ ಕೊಡುತ್ತೇನೆ, ಹೆಸರು ಆಮೇಲೆ. ನಾವು ಹೊಸ ಪದ ಹೇಳಿಕೊಡುವಾಗ ಮಕ್ಕಳ ತಲೆಯಲ್ಲಿ ಆ ಜಾಗದಲ್ಲಿ ಹಳೆಯ ಪದವೊಂದು ಕೂತಿರುತ್ತದೆ. ಅದನ್ನು ಎಬ್ಬಿಸುವುದೇ ಹೆಚ್ಚಿನ ಕೆಲಸ.

ಅಂದು ಬಾಗಿಲ ತನಕ ಹೋದವಳು ತಿರುಗಿ ನಿಂತಿದ್ದಳು. “ಹಂಗಾದ್ರ ಹುಳಿ ಹಾಕಿದ್ರ ಖಾರ ಯಾಕ ಕಡಿಮಿ ಆಗತೈತ್ರಿ ಸರ್?”

ಪರೀಕ್ಷಕರು ನನ್ನ ಮುಖ ನೋಡಿದರು. ಆಮೇಲೆ ನನ್ನಲ್ಲಿದ್ದ ಪುಸ್ತಕಗಳನ್ನು ತೆಗೆದು ನೋಡಿದೆ. ಮೆಣಸಿನ ಉರಿಯ ಬಗ್ಗೆ ಇದೆ, ಹುಳಿಯ ರುಚಿಯ ಬಗ್ಗೆ ಇದೆ. ಸಾರಿನಲ್ಲಿ ಎರಡೂ ಸೇರಿದಾಗ ಖಾರ ನಿಜವಾಗಿ ಇಳಿಯುತ್ತದೋ, ನಾಲಿಗೆಗೆ ಹಾಗನ್ನಿಸುತ್ತದೋ, ನನಗೆ ಇನ್ನೂ ಗೊತ್ತಿಲ್ಲ.