ಲಾರಿಗೆ ತಂಪು ಗಾಳಿ ಕುಡಿಸಿದ ಮೊಮ್ಮಗಳು

ಹತ್ತಿಬಿಡ್ತು ಕಣ್ರೀ! ಗೊಬ್ಬರ ತುಂಬಿದ ನಮ್ಮ ಲಾರಿ ಗೆಂಡೆಹಳ್ಳಿ ಕಡೆಯ ಏರನ್ನ ಎಲ್ಲೂ ನಿಲ್ಲದೆ ಹತ್ತಿಬಿಡ್ತು. ಹತ್ತಿಸಿದ್ದು ನನ್ನ ಮೊಮ್ಮಗಳು. ಸ್ಟೇರಿಂಗ್ ಹಿಡಿದಿದ್ದವನು ಅವಳಪ್ಪ, ನನ್ನ ಮಗ, ಅದು ನಿಜ. ಆದರೆ ಲಾರಿಗೆ ಉಸಿರು ಕೊಟ್ಟವಳು ಅವಳು. ಅವರಿಬ್ಬರ ನಡುವೆ ನಾನು ಕೂತಿದ್ದೆ. ನೆನೆಸಿಕೊಂಡರೆ ಈಗಲೂ ಮೈ ಹಗುರಾಗಿ, ಕಾಲು ನೆಲದ ಮೇಲೆ ನಿಲ್ಲೋದಿಲ್ಲ.

ನಮ್ಮದು ಜಾವಗಲ್ ಹತ್ತಿರದ ಊರು. ನಮ್ಮ ಕಡೆಯ ಕೊಟ್ಟಿಗೆ ಗೊಬ್ಬರ ಬೇಲೂರಿನ ಆಚೆಯ ಕಾಫಿ ತೋಟಗಳಿಗೆ ಬೇಕು. ಮಗ ಅದನ್ನ ತುಂಬಿಕೊಂಡು ಹೋಗಿಬರ್ತಾನೆ. ಲಾರಿ ಹಳೇದು. ಬಿಸಿಲು ಏರಿತು ಅಂದರೆ ಆ ಏರಿನ ಅರ್ಧಕ್ಕೆ ಕಪ್ಪು ಹೊಗೆ ಕಕ್ಕಿ ನಿಂತುಬಿಡೋದು.

ಮೊಮ್ಮಗಳು ಹಾಸನದಲ್ಲಿ ಡಿಪ್ಲೊಮಾ ಮುಗಿಸಿ ಬಂದಿದ್ದಳು. ಅರಸೀಕೆರೆಯ ಒಂದು ಗ್ಯಾರೇಜಿನವರು ಕೆಲಸಕ್ಕೆ ಬಾ ಅಂದಿದ್ದರು. ಅವಳಪ್ಪ ಮಾತ್ರ ಒಪ್ಪಿರಲಿಲ್ಲ.

"ಹೆಣ್ಣುಮಗ ಲಾರಿ ಕೆಳಗೆ ಮಲಗೋದಾ? ಆಫೀಸು ಕೆಲಸ ಯಾವ್ದಾರ ನೋಡವ್ವ."

"ಅಪ್ಪ, ನಮ್ಮ ಲಾರೀನೇ ಸರಿ ಮಾಡಿ ತೋರಿಸ್ತೀನಿ. ಆಮೇಲೆ ಹೇಳಿ."

"ಆಗ್ಲಿ. ಆ ಏರು ಹತ್ಸು. ಹತ್ಲಿಲ್ಲ ಅಂದ್ರೆ ಗ್ಯಾರೇಜಿನ ಮಾತು ಈ ಮನೇಲಿ ಎತ್ತಬಾರ್ದು, ತಿಳೀತಾ?"

ತಿಳೀತು ಅಂತ ತಲೆ ಆಡಿಸಿದಳು.

ಹೊಂಗೆಮರದ ಕೆಳಗೆ ಲಾರಿ ನಿಲ್ಲಿಸಿಕೊಂಡು ಮೂರು ದಿನ ಕೆಲಸ ಮಾಡಿದಳು. ನಾನು ಪಕ್ಕದಲ್ಲೇ ಚಾಪೆ ಹಾಸಿಕೊಂಡು ಒರಗಿದ್ದೆ. ಹೊಂಗೆ ಹೂವು ಉದುರ್ತಿತ್ತು. ಸ್ಪ್ಯಾನರಿನ ಟಣ್ ಟಣ್ ಕೇಳ್ತಾ ಕೇಳ್ತಾ ಕಣ್ಣು ಮುಚ್ಚೋದು, ನಿದ್ದೆಯೋ ಎಚ್ಚರವೋ ಗೊತ್ತಾಗ್ತಿರಲಿಲ್ಲ. ಒಂದು ಸಲ ಕಣ್ಣು ಬಿಟ್ಟಾಗ ಅವಳ ಎಣ್ಣೆ ಮೆತ್ತಿದ ಕೂದಲ ಮೇಲೆಲ್ಲ ಹೂವು ಬಿದ್ದಿತ್ತು. ಹಸೆಮಣೆ ಮೇಲೆ ಕೂತ ಮದುಮಗಳ ಹಾಗೆ ಕಂಡಳು.

"ಏನೇ ಅದು ನೀನು ಮಾಡ್ತಿರೋದು?" ಅಂದೆ.

"ಅಜ್ಜಿ, ಇಂಜಿನ್ನೂ ನಮ್ಮ ಥರಾನೇ ಉಸಿರಾಡತ್ತೆ. ಇದರ ಮೂಗು ಎಲ್ಲಿದೆ ನೋಡು, ಇಂಜಿನ್ ಪಕ್ಕದಲ್ಲೇ. ತಾನು ಬಿಟ್ಟ ಬಿಸೀನೇ ತಾನು ಎಳ್ಕೊಳ್ಳತ್ತೆ. ಬಿಸಿ ಗಾಳಿ ತೆಳ್ಳಗಿರತ್ತೆ, ಅದರ ಹೊಟ್ಟೆ ತುಂಬಲ್ಲ. ಮೂಗನ್ನ ಮೇಲಕ್ಕೆ ತಗೊಂಡು ಹೋಗ್ತೀನಿ, ತಂಪು ಗಾಳಿ ಇರೋ ಕಡೆಗೆ."

ಎಷ್ಟು ಸಲೀಸಾಗಿ ಹೇಳಿದಳು! ಜೀವಮಾನವೆಲ್ಲ ಒಲೆ ಮುಂದೆ ಕೂತವಳು ನಾನು. ಹಬ್ಬದ ದಿನ ಹತ್ತು ಮಂದಿಗೆ ಬೇಯಿಸಿ, ಬೆವೆತು, ಹಿತ್ತಲ ಬಾಗಿಲಿಗೆ ಬಂದು ನಿಂತಾಗ ಒಂದು ಗಾಳಿ ಬರುತ್ತಲ್ಲ, ಅದು ಎದೆಯೊಳಕ್ಕೆ ಇಳಿಯುವಾಗ ಕೆರೆ ನೀರಿನಲ್ಲಿ ಕಾಲು ಇಳಿಬಿಟ್ಟ ಹಾಗಿರುತ್ತೆ. ಪಾಪ, ಈ ಲಾರಿಗೆ ಇಷ್ಟು ವರ್ಷ ಹಿತ್ತಲ ಬಾಗಿಲೇ ಇರಲಿಲ್ಲ ಅನ್ನಿಸ್ತು.

ಕ್ಯಾಬಿನ್ ಹಿಂದೆ, ಅದಕ್ಕಿಂತ ಒಂದು ಮೊಳ ಎತ್ತರಕ್ಕೆ, ದಪ್ಪ ಪೈಪು ನಿಲ್ಲಿಸಿದಳು. ಬಾಯಿಗೆ ಹುಳುಹುಪ್ಪಟೆ ಹೋಗದ ಹಾಗೆ ಜಾಲರಿ, ಮಳೆ ನೀರು ಇಳಿಯದ ಹಾಗೆ ಮೇಲೊಂದು ಟೋಪಿ. ಕೆಳಗೆ ಇಂಜಿನ್ ಹತ್ತಿರ ಹಾಯುವ ಕಡೆ ಬಿಸಿ ತಾಗದ ಪಟ್ಟಿ ಸುತ್ತಿದಳು.

ಹೊರಡುವ ಬೆಳಿಗ್ಗೆ ಮಗ, ಸೊಸೆ, ಮೊಮ್ಮಗಳು ಒಳಗೆ ಕಾಫಿ ಕುಡೀತಿದ್ದರು. ಹೊಸ ಪೈಪಿಗೆ ಪೂಜೆಯೇ ಆಗಿಲ್ಲವಲ್ಲ ಅಂತ ನನ್ನ ಜೀವ ತಡೀಲಿಲ್ಲ. ದೇವರಿಗೆ ಕಟ್ಟಿದ್ದ ಚೆಂಡುಹೂವಿನ ಹಾರವನ್ನ ನುಗ್ಗೆಕಾಯಿ ಕೀಳುವ ದೋಟಿಗೆ ಸಿಕ್ಕಿಸಿ, ಜಗಲಿ ಮೇಲೆ ನಿಂತು, ಪೈಪಿನ ಕೊರಳಿಗೆ ಹಾಕಿದೆ. ಕೈ ಮುಗಿದು ಸುಮ್ಮನೆ ಬಂದು ಕ್ಯಾಬಿನ್ ಹತ್ತಿ ಕೂತೆ.

"ಅವ್ವ, ನೀನೆಲ್ಲಿಗೆ?" ಅಂದ ಮಗ.

"ನಾನೂ ಬತ್ತೀನಿ ಕಣಪ್ಪ. ಅದು ಹತ್ತೋದು ನೋಡ್ಬೇಕು."

ಆಹಾ, ಆ ದಾರಿ! ಕಿಟಕಿಯಿಂದ ಗಾಳಿ ಸೆರಗು ಎಳೀತಿತ್ತು. ತೆಂಗಿನ ತೋಟಗಳು ಹಿಂದಕ್ಕೆ ಈಜಿಕೊಂಡು ಹೋಗ್ತಿದ್ದವು. ಹಳೇಬೀಡಿನ ಕೆರೆ ಮೇಲೆ ಬೆಳಕು ಮಲಗಿತ್ತು. ನನಗೆ ಲಾರಿಯೇ ನೆಲ ಬಿಟ್ಟು ತೇಲ್ತಿದೆ ಅನ್ನಿಸ್ತು.

ಬೇಲೂರು ದಾಟಿದೆವು. ಏರು ಬಂತು. ಲಾರಿ ಗುರ್ ಅಂತು, ತಿಣುಕಿತು, ಹಿಂದೆಲ್ಲ ಕಪ್ಪು ಹೊಗೆ. ಕಾಲು ಭಾಗವೂ ಹತ್ತಲಿಲ್ಲ. ಮಗ ಪಕ್ಕಕ್ಕೆ ಹಾಕಿ ಇಂಜಿನ್ ಆಫ್ ಮಾಡಿದ.

"ಮೊದ್ಲು ಅರ್ಧನಾದ್ರೂ ಹತ್ತೋದು. ಈಗ ಅದೂ ಇಲ್ಲ."

ಹುಡುಗಿ ಮುಖ ಸುಣ್ಣವಾಯ್ತು. ಇಳಿದು ಪೈಪಿನ ಒಂದೊಂದೇ ಕ್ಲಿಪ್ಪು ಮುಟ್ಟಿ ನೋಡಿದಳು. "ಎಲ್ಲಾ ಸರಿ ಇದೆಯಲ್ಲ" ಅಂತ ತನಗೆ ತಾನೇ ಹೇಳಿಕೊಂಡಳು. ಕೊನೆಗೆ ಬಾಡಿ ಹತ್ತಿ, ಗೊಬ್ಬರದ ಮೇಲೆ ನಡೆದು ಹೋಗಿ ಪೈಪಿನ ಬಾಯಿ ನೋಡಿದಳು.

"ಅಜ್ಜೀ, ಈ ಹಾರ ಹಾಕಿದ್ಯಾರು?"

ಗಾಳಿಯ ಎಳೆತಕ್ಕೆ ಹೂವೆಲ್ಲ ಜಾಲರಿಗೆ ರೊಟ್ಟಿ ತಟ್ಟಿದ ಹಾಗೆ ಅಂಟಿಕೊಂಡಿತ್ತಂತೆ. ಲಾರಿಗೆ ಉಸಿರು ಕಟ್ಟಿಸಿದ್ದು ನಾನು! ಸುಮ್ಮನಿದ್ದರೆ ಆಗ್ತಿರಲಿಲ್ಲ.

"ನಾನೇ ಕಣಪ್ಪ," ಅಂದೆ ಮಗನಿಗೆ. "ತಪ್ಪು ನಂದು, ಅವಳದಲ್ಲ. ಅವಳ ಲೆಕ್ಕಕ್ಕೆ ಇದನ್ನ ಹಿಡೀಬೇಡ. ಇನ್ನೊಂದು ಸಲ ಹತ್ಸು."

ಮಗ ನನ್ನ ಮುಖ ನೋಡಿದ, ಮಗಳ ಕೈಯಲ್ಲಿದ್ದ ಹೂವಿನ ಮುದ್ದೆ ನೋಡಿದ. ನಗು ತಡೆಯೋಕೆ ಮೀಸೆ ಒರೆಸಿಕೊಂಡ.

"ಅಲ್ಲ ಕಣವ್ವ, ದೇವ್ರ ಮೂಗಿಗೆ ಯಾರಾದ್ರೂ ಹಾರ ತುರುಕ್ತಾರಾ?"

ಅವಳು ಜಾಲರಿ ಬಿಚ್ಚಿ, ಒಂದು ಎಸಳೂ ಉಳಿಯದ ಹಾಗೆ ಒರೆಸಿ ಕೂರಿಸಿದಳು. ಲಾರಿಯನ್ನ ಏರಿನ ಬುಡಕ್ಕೆ ಹಿಂದಕ್ಕೆ ತಂದರು. ಬಿಸಿಲು ಆಗ ನೆತ್ತಿಗೆ ಬಂದಿತ್ತು. ನಾನು ಕಣ್ಣು ಮುಚ್ಚಿದೆ.

ಮೊದಲು ಸದ್ದು ಬದಲಾಯ್ತು. ತಲೆ ಹಿಂದುಗಡೆ ಪೈಪಿನಲ್ಲಿ ಸುಯ್ ಅಂತ ಗಾಳಿ ಒಳಗೆ ಹೋಗೋದು ಕೇಳಿಸ್ತು, ಮಲಗಿದ ಮಗುವಿನ ಉಸಿರಿನ ಹಾಗೆ, ಉದ್ದಕ್ಕೆ, ತಣ್ಣಗೆ. ಆ ಉಸಿರಿನ ಜೊತೆ ನನ್ನ ಉಸಿರೂ ಸೇರಿಕೊಳ್ತು. ಗೊಬ್ಬರದ ಭಾರ, ನನ್ನ ವಯಸ್ಸಿನ ಭಾರ, ಎಲ್ಲ ಎಲ್ಲೋ ಹೋಯ್ತು. ಮೇಲೆ ಮೇಲೆ ಹೋಗ್ತಾನೇ ಇದ್ದೀವಿ, ಮೋಡದೊಳಗೆ ಹೋಗ್ತೀವೇನೋ ಅನ್ನೋ ಹಾಗೆ.

"ಅಜ್ಜಿ, ಕಣ್ಣು ಬಿಡು. ಮೇಲಿದೀವಿ."

ಬಿಟ್ಟೆ. ಏರು ಹಿಂದೆ ಇತ್ತು. ಮಗ ಕನ್ನಡಿಯಲ್ಲಿ ನೋಡಿ, "ಹೊಗೇನೇ ಇಲ್ಲ ಕಣವ್ವ" ಅಂದ, ಮೆಲ್ಲಗೆ. ನಾನು ಮೊಮ್ಮಗಳ ಎಣ್ಣೆ ಕೈಯನ್ನೇ ಹಿಡಿದು ಕೆನ್ನೆಗೆ ಒತ್ತಿಕೊಂಡೆ.

ಸಾಯಂಕಾಲ ಸೊಸೆ ಒತ್ತುಶ್ಯಾವಿಗೆ ಮಾಡಿದಳು, ನಾನು ಕಾಯಿಹಾಲು ಹಿಂಡಿದೆ. ನಡುಮನೆಯಲ್ಲಿ ನಾಲ್ಕೂ ಜನ ಒಟ್ಟಿಗೇ ಕೂತೆವು. ಮಗ ಎರಡು ಸಲ ಹಾಕಿಸಿಕೊಂಡ, ಗ್ಯಾರೇಜಿನ ಸುದ್ದಿ ಎತ್ತಲೇ ಇಲ್ಲ. ಹುಡುಗಿ ತಟ್ಟೆಯಲ್ಲಿ ಬೆರಳಾಡಿಸ್ತಾ ಅವನ ಬಾಯನ್ನೇ ನೋಡ್ತಿದ್ದಳು. ನಾನು ಮೊಣಕೈಯಿಂದ ಅವನನ್ನ ತಿವಿದೆ.

"ಏನವ್ವ, ತಿನ್ನೋಕೂ ಬಿಡಲ್ವಾ?" ಅಂದು ಅವಳ ಕಡೆ ತಿರುಗಿದ. "ಸೋಮವಾರ ಅರಸೀಕೆರೆಗೆ ಎಷ್ಟ್ ಗಂಟೆಗೆ ಹೋಗ್ಬೇಕು ನೀನು? ನಾನೇ ಬಿಡ್ತೀನಿ."

"ಒಂಬತ್ತಕ್ಕೆ" ಅಂದವಳೇ ಎಡಗೈಯಿಂದ ಕಣ್ಣೊರೆಸಿಕೊಂಡಳು.

"ಸರಿ, ತಿನ್ನು ಮೊದ್ಲು. ಆರೋಗ್ತೈತೆ."

ಸೊಸೆ ಅವಳ ತಟ್ಟೆಗೆ ಇನ್ನೊಂದು ಸೌಟು ಕಾಯಿಹಾಲು ಸುರಿದಳು. ಅವಳು ಅಳ್ತಾ, ನಗ್ತಾ, ತಿಂದಳು. ನಾವೂ ತಿಂದೆವು.