ಡಬ್ಬ ಹಾಕಿದ ಜೆಲ್

ಧಾರವಾಡದಲ್ಲಿ ನನ್ನ ಪಿಎಚ್.ಡಿ.ಗೆ ಗೈಡ್ ಆಗಿದ್ದ ಸರ್, ನೆಟ್ಟಗೆ ನಿಂತ ಯಾವುದನ್ನೂ ನಂಬುತ್ತಿರಲಿಲ್ಲ. ನಮ್ಮ ಕೆಲಸ ಜೆಲ್‌ಗಳದು. ಸಣ್ಣ ಅಣುಗಳು ತಾವಾಗಿ ಬಲೆ ಹೆಣೆದು ದ್ರವವನ್ನು ಮೊಸರಿನಂತೆ ಹಿಡಿದಿಡುತ್ತವೆ. ಆ ಬಲೆಯೊಳಗೆ ರಾಸಾಯನಿಕ ಕ್ರಿಯೆ ಬೇಗ ನಡೆಯುತ್ತದೆ. ಜೆಲ್ ಕಟ್ಟಿದೆಯೇ ಎಂದು ತಿಳಿಯಲು ಬಾಟಲಿಯನ್ನು ತಲೆಕೆಳಗು ಮಾಡಬೇಕು, ನಮ್ಮ ಕಡೆಯ ಮಾತಿನಲ್ಲಿ ಡಬ್ಬ ಹಾಕಬೇಕು; ಬೀಳದಿದ್ದರೆ ಕಟ್ಟಿದೆ ಎಂದರ್ಥ. "ಡಬ್ಬ ಹಾಕು, ನೋಡೂಣು" ಎನ್ನುವುದು ಅವರ ನಿತ್ಯದ ಮಾತು. ಕ್ಯಾಂಟೀನಿನ ಮೊಸರನ್ನೂ ಡಬ್ಬ ಹಾಕಿದ ಮೇಲೆ ಅಲ್ಲಿ ಅವರಿಗೆ ಮಜ್ಜಿಗೆಯನ್ನಷ್ಟೇ ಕೊಡುತ್ತಿದ್ದರು.

ನಮ್ಮ ಮನೆತನದಲ್ಲಿ ಕಾಲೇಜು ಕಂಡವಳು ನಾನೇ ಮೊದಲು. ವೈವಾ ದಿನ ಹಳೇ ಹುಬ್ಬಳ್ಳಿಯಿಂದ ಅಪ್ಪ ಬಂದು ಬಾಗಿಲ ಹೊರಗೆ ನಿಂತಿದ್ದರು. ಒಳಗೆ ಸರ್ ನನ್ನ ಬಾಟಲಿಯನ್ನು ಮುಷ್ಟಿಯಲ್ಲಿ ಬಿಗಿಹಿಡಿದು, ಪರೀಕ್ಷಕರಿಗೆ ಉದ್ದ ಭಾಷಣ ಮಾಡಿ, ಮುಚ್ಚಳ ತೆಗೆದು ಡಬ್ಬ ಹಾಕಿದರು. ಮುಷ್ಟಿಯ ಬಿಸಿಗೆ ಕರಗಿದ್ದ ಜೆಲ್ ಅವರ ಬಿಳಿ ಅಂಗಿಯ ಮೇಲೆ ಇಳಿಯಿತು. ನನ್ನ ಜೀವವೂ ಅದರೊಂದಿಗೇ ಇಳಿಯಿತು.

ಸರ್ ಅಂಗಿ ನೋಡಿಕೊಳ್ಳಲಿಲ್ಲ. "ಬಿಸಿಗೆ ಕರಗತೈತಿ, ತಂಪಾದ್ರ ಮತ್ತ ಕಟ್ಟತೈತಿ. ಅದನ್ನ ತೋರಸಾಕಂತನ ಹಿಡಕೊಂಡಿದ್ದೆ ನೋಡ್ರಿ" ಎಂದರು.

"ಹಂಗಾರ ತಂಪಾಗ್ಲಿ ಬಿಡ್ರಿ" ಎಂದು ಪರೀಕ್ಷಕರು ಚಹಾ ತರಿಸಿದರು.

ತಳದಲ್ಲಿ ಉಳಿದದ್ದನ್ನು ಬಾಟಲಿ ಸಮೇತ ತಣ್ಣೀರಿನಲ್ಲಿಟ್ಟೆ. ಚಹಾ ಮುಗಿಸಿ ಪರೀಕ್ಷಕರೇ ಡಬ್ಬ ಹಾಕಿದರು. ಹನಿಯೂ ಬೀಳಲಿಲ್ಲ.

ಹೊರಗೆ ಬಂದ ಸರ್, ಅಂಗಿಯ ಕಲೆಯನ್ನು ಕೈಯಿಂದ ಮುಚ್ಚಿಕೊಂಡು ಅಪ್ಪನಿಗೆ ಹೇಳಿದರು: "ಡಬ್ಬ ಹಾಕಿದ್ರೂ ಬೀಳಲಿಲ್ರಿ ನಿಮ್ಮ ಮಗಳು."

"ಅದು ನನಗ ಮೊದ್ಲ ಗೊತ್ತೈತ್ರಿ ಸರ್" ಎಂದರು ಅಪ್ಪ. "ಪಾಸಾಗ್ಯಾಳೋ ಇಲ್ಲೋ, ಅಷ್ಟ ಹೇಳ್ರಿ."